ಹತ್ತು ಕಂತು ನೋಡಿ ಮುಗಿಸುವಷ್ಟರಲ್ಲಿ ನಾನೇ ಜಡ್ಜ್ ಆಗಿಬಿಟ್ಟಿದ್ದೆ

ನಿದ್ದೆಗೇಡಿ

ಎರಡು ರಾತ್ರಿ ನಿದ್ದೆಗೆಟ್ಟು ‘ಮೇಕಿಂಗ್ ಎ ಮರ್ಡರರ್’ ಅನ್ನುವ ಸಾಕ್ಷ್ಯಚಿತ್ರ ಸರಣಿಯ ಮೊದಲ ಸೀಸನ್ ನೋಡಿ ಮುಗಿಸಿದೆ. 2015ರದ್ದು, ಹಳೇದು. ನನ್ನ ಕಣ್ಣಿಗೆ ಬಿದ್ದಿದ್ದು ಈಗ.

ನೋಡದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸ್ಟೀವನ್ ಏವರಿ ಅಂತ ಒಬ್ಬ. 1985ರಲ್ಲಿ ಒಂದು ಅತ್ಯಾಚಾರದ ಕೇಸಿನಲ್ಲಿ ಒಳಗೆ ಹೋದ. 18 ವರ್ಷ ಕಳೆದ ಮೇಲೆ, 2003ರಲ್ಲಿ, ಡಿಎನ್‌ಎ ಪರೀಕ್ಷೆ ಮಾಡಿದರೆ ಅಪರಾಧಿ ಬೇರೆ ಯಾರೋ. ಹೊರಗೆ ಬಂದವನು ಕೌಂಟಿಯ (ಅಲ್ಲಿನ ಜಿಲ್ಲೆ ಅನ್ನಿ) ಮೇಲೆ 3.6 ಕೋಟಿ ಡಾಲರ್ ಪರಿಹಾರದ ದಾವೆ ಹಾಕಿದ. ಅದು ನಡೆಯುತ್ತಿರುವಾಗಲೇ, 2005ರಲ್ಲಿ, ಒಬ್ಬ ಫೋಟೋಗ್ರಾಫರ್ ಯುವತಿಯ ಕೊಲೆ ಕೇಸಿನಲ್ಲಿ ಮತ್ತೆ ಅರೆಸ್ಟ್. ಆಕೆಯ ಕಾರಿನ ಕೀ ಅವನ ಕೋಣೆಯಲ್ಲಿ ಸಿಕ್ಕಿತು. ಮೊದಲ ಸಲ ಹುಡುಕಿದಾಗ ಸಿಕ್ಕಿರಲಿಲ್ಲ. ಆಮೇಲೆ ಕಣ್ಣಿಗೆ ಬಿದ್ದಿದ್ದು ಯಾರಿಗೆ? ಅವನು ದಾವೆ ಹಾಕಿದ್ದ ಅದೇ ಕೌಂಟಿಯ ಪೊಲೀಸರಿಗೆ. 2007ರಲ್ಲಿ ಜೀವಾವಧಿ ಶಿಕ್ಷೆ ಆಯಿತು.

ಹತ್ತನೇ ಕಂತು ಮುಗಿದಾಗ ನನಗೆ ನೂರಕ್ಕೆ ನೂರು ಖಾತ್ರಿ, ಇವನನ್ನು ಸಿಕ್ಕಿಸಿದ್ದಾರೆ ಅಂತ. ರಾತ್ರಿ ಎರಡು ಗಂಟೆಗೆ ಹೆಂಡತಿಯನ್ನು ಎಬ್ಬಿಸಿ ಹೇಳಿದೆ. ‘ಸುಮ್ನೆ ಮಲ್ಕೊಳ್ಳಿ’ ಅಂದಳು. ಬೆಳಿಗ್ಗೆ ಎದ್ದು ಆ ಕೇಸಿನ ಬಗ್ಗೆ ಬೇರೆ ಕಡೆ ಓದಿದೆ. ಆಕೆಯ ಕಾರಿನ ಬಾನೆಟ್ ಕೊಕ್ಕೆಯ ಮೇಲೆ ಅವನ ಡಿಎನ್‌ಎ ಸಿಕ್ಕಿತ್ತಂತೆ. ಆ ದಿನ ತನ್ನ ನಂಬರ್ ಕಾಣದ ಹಾಗೆ ಮಾಡಿ ಆಕೆಗೆ ಎರಡು ಸಲ ಫೋನ್ ಮಾಡಿದ್ದನಂತೆ. ಹತ್ತು ಗಂಟೆ ಕೂತು ನೋಡಿದವನಿಗೆ ಇವು ಯಾವುವೂ ಗೊತ್ತಿಲ್ಲ. ಯಾಕೆ? ತೋರಿಸಲೇ ಇಲ್ಲ.

ಈಗ ನಾನು ಯಾರ ಮೇಲೆ ಅನುಮಾನ ಪಡಲಿ? ಪೊಲೀಸರ ಮೇಲಾ, ಕೋರ್ಟ್ ಮೇಲಾ, ಈ ಸರಣಿ ಮಾಡಿದವರ ಮೇಲಾ?

ಬೇಲಿಹೂವು

ಮೂರರ ಮೇಲೂ. ಹೆಂಡತಿಯನ್ನು ಎಬ್ಬಿಸಿದ್ದಕ್ಕೆ ನಿಮ್ಮ ಮೇಲೂ.

ಲ್ಯಾಬ್_ಅಕ್ಕ

ಇಪ್ಪತ್ತೆರಡು ವರ್ಷದಿಂದ ಲ್ಯಾಬಿನಲ್ಲಿ ರಕ್ತ ತೆಗೆಯುವವಳು ನಾನು. ಆ ಸರಣಿಯಲ್ಲಿ ಒಂದು ಸೀನ್ ಬಂದಾಗ ಟಿವಿಗೇ ಬೈದಿದ್ದೆ.

ಏವರಿಯ ಹಳೇ ಕೇಸಿನ ರಕ್ತದ ಟ್ಯೂಬು ಕೋರ್ಟ್ ಆಫೀಸಿನಲ್ಲಿ ಒಂದು ಡಬ್ಬದಲ್ಲಿತ್ತು. ಅವನ ವಕೀಲರು ಅದನ್ನು ತೆಗೆಸಿ ನೋಡುತ್ತಾರೆ. ಮುಚ್ಚಳದ ಮಧ್ಯೆ ಸೂಜಿಯ ತೂತು! ಸಂಗೀತ ಏರುತ್ತದೆ. ಯಾರೋ ಇದರಿಂದ ರಕ್ತ ಕದ್ದು ಸತ್ತವಳ ಕಾರಿನಲ್ಲಿ ಹಚ್ಚಿದ್ದಾರೆ ಅಂತ ನಾವು ಅಂದುಕೊಳ್ಳಬೇಕು.

ಅಲ್ಲ ಮಾರಾಯ್ರೆ, ಆ ತೂತು ಇರಲೇಬೇಕು. ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ಹೋಗುವುದೇ ಮುಚ್ಚಳ ಚುಚ್ಚಿ. ಒಳಗಿನ ಗಾಳಿ ಮೊದಲೇ ತೆಗೆದಿರುತ್ತಾರೆ. ಸೂಜಿ ಚುಚ್ಚಿದ ಕೂಡಲೇ ಟ್ಯೂಬೇ ರಕ್ತ ಎಳೆದುಕೊಳ್ಳುತ್ತದೆ. ಮುಚ್ಚಳ ಬಿಚ್ಚಿ ಸುರಿಯುವ ಪದ್ಧತಿಯೇ ಇಲ್ಲ. ನನ್ನ ಕೈಯಲ್ಲಿ ದಿನಕ್ಕೆ ಎಷ್ಟು ಮುಚ್ಚಳಕ್ಕೆ ತೂತು ಬೀಳುತ್ತದೋ ಲೆಕ್ಕ ಇಟ್ಟಿಲ್ಲ. ತೂತಿಲ್ಲದ ಟ್ಯೂಬ್ ಅಂದರೆ ಖಾಲಿ ಟ್ಯೂಬ್, ಅಷ್ಟೇ.

ಆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಇಡಿಟಿಎ ಅನ್ನುವ ರಾಸಾಯನಿಕ ಹಾಕಿರುತ್ತಾರೆ. ಕಾರಿನಲ್ಲಿ ಸಿಕ್ಕ ರಕ್ತದ ಕಲೆಗಳಲ್ಲಿ ಅದು ಇದೆಯಾ ಅಂತ ಎಫ್‌ಬಿಐ ಪರೀಕ್ಷೆ ಮಾಡಿತು, ಸಿಗಲಿಲ್ಲ. ‘ನಿಮ್ಮ ಪರೀಕ್ಷೆಗೆ ಸಿಗಲಿಲ್ಲ ಅಂದ ಮಾತ್ರಕ್ಕೆ ಇರಲಿಲ್ಲ ಅಂತಲ್ಲ’ ಅಂತ ಏವರಿ ಕಡೆಯವರು ವಾದ ಮಾಡಿದರು. ಆ ವಾದಕ್ಕೆ ಒಂದಿಷ್ಟು ತೂಕ ಇದೆ, ಒಪ್ಪುತ್ತೇನೆ. ಅವನೇ ಕೊಂದ ಅಂತಲೂ ನಾನು ಹೇಳುತ್ತಿಲ್ಲ. ತೂತಿನ ಕಥೆ ಮಾತ್ರ ನನ್ನ ಹತ್ತಿರ ನಡೆಯಲ್ಲ. ಒಬ್ಬ ನರ್ಸನ್ನು ಕೇಳಿದ್ದರೆ ಎರಡು ನಿಮಿಷದ ಕೆಲಸ.

ನೇರನುಡಿ

ನನಗೆ ಈ ಸರಣಿಗಳನ್ನು ಕಂಡರೇ ಆಗಲ್ಲ. ಕೊಲೆಗಾರರನ್ನು ಹೀರೋ ಮಾಡುತ್ತಾರೆ. ಪೊಲೀಸರು ಸುಮ್ಮಸುಮ್ಮನೆ ಯಾರನ್ನೂ ಹಿಡಿಯಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು.

ಇನ್ನೊಂದು ಗಮನಿಸಿ. ಮೊದಲು ಬರೆದವರು ಆರೋಪಿಯ ಹೆಸರು, ಊರು, ಅವನು ಕೇಳಿದ ದುಡ್ಡು ಎಲ್ಲ ಬರೆದಿದ್ದಾರೆ. ಸತ್ತವಳು ಮಾತ್ರ ‘ಒಬ್ಬ ಫೋಟೋಗ್ರಾಫರ್ ಯುವತಿ’. ಹತ್ತು ಗಂಟೆ ನೋಡಿದವರಿಗೆ ಆಕೆಯ ಹೆಸರು ನೆನಪಿಲ್ಲ.

ನಿದ್ದೆಗೇಡಿ

ತಪ್ಪಾಯಿತು ಸರ್. ತೆರೇಸಾ ಹಾಲ್ಬಾಕ್. 25 ವರ್ಷ. ನಿಜ ಹೇಳಬೇಕೆಂದರೆ ಈಗ ಹುಡುಕಿ ಬರೆದೆ.

ಕಪ್ಪುಕೋಟು

ಹನ್ನೊಂದು ವರ್ಷದಿಂದ ಕ್ರಿಮಿನಲ್ ಕೇಸುಗಳನ್ನೇ ನಡೆಸುತ್ತಿದ್ದೇನೆ. ಇಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಅಂಟಿಕೊಂಡಿವೆ, ಬಿಡಿಸಬೇಕು. ಯಾರು ಮಾಡಿದರು ಅನ್ನುವುದು ಒಂದು. ಅದನ್ನು ಸಾಬೀತು ಮಾಡಿದ ದಾರಿ ಸರಿ ಇತ್ತಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಸೋಫಾ ಮೇಲೆ ಕೂತು ಉತ್ತರ ಸಿಗಲ್ಲ. ಎರಡನೆಯದಕ್ಕೆ ಕೆಲವೊಮ್ಮೆ ಸಿಗುತ್ತದೆ, ಯಾಕೆಂದರೆ ಅದು ಟೇಪಿನಲ್ಲೇ ಇರುತ್ತದೆ.

ಏವರಿಯನ್ನು ಬಿಡಿ. ಅವನ ಅಕ್ಕತಂಗಿಯರಲ್ಲಿ ಒಬ್ಬಳ ಮಗ ಬ್ರೆಂಡನ್ ಡಾಸ್ಸಿ ಇದ್ದಾನಲ್ಲ, ಅವನನ್ನು ನೋಡಿ. ಆಗ 16 ವರ್ಷ. ಓದಿನಲ್ಲಿ ಹಿಂದೆ, ಶಾಲೆಯಲ್ಲಿ ವಿಶೇಷ ತರಗತಿ. 2006ರ ಮಾರ್ಚ್ 1ರಂದು ಇಬ್ಬರು ತನಿಖಾಧಿಕಾರಿಗಳು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಅಮ್ಮ ಇಲ್ಲ, ವಕೀಲರಿಲ್ಲ. ‘ತಲೆಗೆ ಏನೋ ಮಾಡಿದಿರಲ್ಲ, ಏನು?’ ಅಂತ ಕೇಳುತ್ತಾರೆ. ಹುಡುಗ ಕೂದಲು ಕತ್ತರಿಸಿದೆವು ಅನ್ನುತ್ತಾನೆ. ಇನ್ನೇನು? ಗುದ್ದಿದ. ಇನ್ನೇನು? ಕತ್ತು ಕೊಯ್ದೆವು. ಅವರಿಗೆ ಬೇಕಾದ ಉತ್ತರ ಬರುತ್ತಲೇ ಇಲ್ಲ. ಕೊನೆಗೆ ಅವರಲ್ಲೊಬ್ಬರೇ ಸಹನೆ ಕೆಟ್ಟು, ತಲೆಗೆ ಗುಂಡು ಹೊಡೆದದ್ದು ಯಾರು ಅಂತ ಕೇಳಿಬಿಡುತ್ತಾರೆ. ಅವನು, ಸ್ಟೀವನ್ ಮಾಡಿದ ಅನ್ನುತ್ತಾನೆ. ಇದೇ ತಪ್ಪೊಪ್ಪಿಗೆ. ಎಲ್ಲ ಹೇಳಿದ ಮೇಲೆ ಹುಡುಗ ಕೇಳುತ್ತಾನೆ: ಮಧ್ಯಾಹ್ನದ ಪೀರಿಯಡ್‌ಗೆ ಶಾಲೆಗೆ ಹೋಗಬಹುದಾ, ಪ್ರಾಜೆಕ್ಟ್ ಕೊಡಬೇಕು ಅಂತ.

ಇದು ಎಡಿಟಿಂಗ್ ಚಮತ್ಕಾರ ಅಲ್ಲ. ಪೊಲೀಸರೇ ಮಾಡಿದ ರೆಕಾರ್ಡಿಂಗ್. 2016ರಲ್ಲಿ ಫೆಡರಲ್ ಕೋರ್ಟಿನ ಜಡ್ಜ್ ಒಬ್ಬರು, ಇದು ಸ್ವಂತ ಇಚ್ಛೆಯಿಂದ ಬಂದ ಹೇಳಿಕೆ ಅಲ್ಲ ಅಂತ ಶಿಕ್ಷೆ ರದ್ದು ಮಾಡಿದರು. ಮೇಲ್ಮನವಿಯಲ್ಲಿ ಮೂವರ ಪೀಠವೂ ಹೌದು ಅಂದಿತು. ಆಮೇಲೆ ಏಳು ಜಡ್ಜ್‌ಗಳು ಕೂತರು. ನಾಲ್ವರು ಹುಡುಗನ ಹೇಳಿಕೆ, ಶಿಕ್ಷೆ ಸರಿ ಇದೆ ಅಂದರು, ಮೂವರು ಇಲ್ಲ ಅಂದರು. 2018ರಲ್ಲಿ ಸುಪ್ರೀಂ ಕೋರ್ಟ್ ಕೇಸನ್ನೇ ಎತ್ತಿಕೊಳ್ಳಲಿಲ್ಲ. ಒಂದೇ ಟೇಪು. ಕಾನೂನು ಓದಿದವರೇ ಅದನ್ನು ನೋಡಿ ಹೀಗೆ ಇಬ್ಭಾಗವಾದರು.

ಬೇಲಿಹೂವು

ಪೊಲೀಸರು ಹಾಗೆ ಕೇಳಬಹುದಾ? ಉತ್ತರ ಬಾಯಿಗೆ ಇಟ್ಟು?

ಕಪ್ಪುಕೋಟು

ಮೇಡಂ, ಅಮೆರಿಕದಲ್ಲಿ ಸುಳ್ಳೇ ಹೇಳಬಹುದು. ‘ನಿನ್ನ ಬೆರಳಚ್ಚು ಸಿಕ್ಕಿದೆ’, ‘ನಿನ್ನ ಜೊತೆಯವನು ಎಲ್ಲ ಬಾಯಿಬಿಟ್ಟ’ ಅಂತ. 1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಅಷ್ಟು ಮಾತ್ರಕ್ಕೆ ಹೇಳಿಕೆ ಬಿದ್ದು ಹೋಗಲ್ಲ ಅಂದಿತ್ತು. ಹದಿನೆಂಟು ತುಂಬದವರ ವಿಚಾರಣೆಯಲ್ಲಿ ಈ ಮೋಸ ಬೇಡ ಅಂತ ಮೊದಲು ಕಾನೂನು ಮಾಡಿದ ರಾಜ್ಯ ಇಲಿನಾಯ್, ಅದೂ 2021ರಲ್ಲಿ.

ಇಂಗ್ಲೆಂಡ್ ಪೆಟ್ಟು ತಿಂದು ಕಲಿತಿತು. 1974ರ ಬರ್ಮಿಂಗ್‌ಹ್ಯಾಮ್ ಬಾಂಬ್ ಕೇಸಿನಲ್ಲಿ ಆರು ಜನ ಜೈಲಿನಲ್ಲಿ 16 ವರ್ಷ ಕಳೆದರು, ಹೊಡೆದು ಬಡಿದು ಪಡೆದ ಹೇಳಿಕೆ ಮತ್ತು ಹುಳುಕು ಲ್ಯಾಬ್ ಪರೀಕ್ಷೆಯ ಮೇಲೆ. 1991ರಲ್ಲಿ ಬಿಟ್ಟರು. ಅಷ್ಟರಲ್ಲಿ ಅಲ್ಲಿ 1984ರ ಕಾನೂನು ಬಂದು ವಿಚಾರಣೆ ಟೇಪ್ ಮಾಡುವುದು ಶುರುವಾಗಿತ್ತು. ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲೇಬೇಕು ಅಂತಲೂ ಬಂತು.

ಭಾರತದ ಕಾನೂನು ಈ ವಿಷಯದಲ್ಲಿ ಮೊದಲಿಂದಲೂ ಗಟ್ಟಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯಲ್ಲ. ಹಳೇ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್, 2024ರ ಜುಲೈಯಿಂದ ಹೊಸ ಕಾಯ್ದೆಯ 23ನೇ ಸೆಕ್ಷನ್. ಆದರೆ ಅದಕ್ಕೊಂದು ಸಂದು ಇದೆ. ಆರೋಪಿ ಹೇಳಿದ್ದರಿಂದ ಚಾಕುವೋ ಬಟ್ಟೆಯೋ ಸಿಕ್ಕರೆ ಆ ಮಟ್ಟಿಗೆ ಹೇಳಿಕೆ ನಿಲ್ಲುತ್ತದೆ. ಅದಕ್ಕೇ ಎಷ್ಟೋ ಚಾರ್ಜ್‌ಶೀಟಿನಲ್ಲಿ ಆರೋಪಿ ತಾನಾಗಿ ಪೊಲೀಸರನ್ನು ಕರೆದುಕೊಂಡು ಹೋಗಿ ಪೊದೆಯಿಂದ ಚಾಕು ತೆಗೆದುಕೊಡುತ್ತಾನೆ. ನಾನು ಓದಿದ ಚಾರ್ಜ್‌ಶೀಟುಗಳಲ್ಲಿ ಪೊದೆಗಳಿಗೆ ಬರ ಇಲ್ಲ.

ಕತ್ತರಿಕೆಲಸ

ಎಡಿಟಿಂಗ್ ಮಾತು ಬಂತು, ಹಾಗಾಗಿ ನನ್ನ ಪಾಪವನ್ನೂ ಹೇಳಿಬಿಡುತ್ತೇನೆ. ಒಂದು ಚಾನೆಲ್‌ನ ಕ್ರೈಂ ಕಾರ್ಯಕ್ರಮಕ್ಕೆ ಎರಡು ವರ್ಷ ಎಡಿಟರ್ ಆಗಿದ್ದೆ. ಒಬ್ಬ ಆರೋಪಿ ಕೋರ್ಟ್ ಹೊರಗೆ ಬೆಂಚಿನ ಮೇಲೆ ಕೂತು ಗೋಡೆ ನೋಡುತ್ತಿರುವ ಮೂರು ಸೆಕೆಂಡಿನ ಶಾಟ್ ಇತ್ತು. ಅವನು ವಕೀಲರಿಗೆ ಕಾಯುತ್ತಿದ್ದ, ಅಷ್ಟೇ. ಅದನ್ನು ನಾನು ಸತ್ತವನ ತಾಯಿ ಅಳುವ ಶಾಟಿನ ಪಕ್ಕಕ್ಕೆ ಅಂಟಿಸಿದೆ. ಕಲ್ಲೆದೆಯ ಪಾಪಿ ತಯಾರಾದ. ಎರಡೂ ಬೇರೆ ಬೇರೆ ದಿನ ತೆಗೆದದ್ದು. ಪ್ರೊಡ್ಯೂಸರ್ ಬೆನ್ನು ತಟ್ಟಿದರು. ಮುಂದೆ ಆ ಮನುಷ್ಯನಿಗೆ ಖುಲಾಸೆ ಆಯಿತು. ನಾವು ಅದನ್ನು ಒಂದು ಸಾಲಿನ ಸುದ್ದಿಯೂ ಮಾಡಲಿಲ್ಲ.

ದೊಡ್ಡವರೂ ಇದನ್ನೇ ಮಾಡುತ್ತಾರೆ. 2015ರ ‘ದಿ ಜಿಂಕ್ಸ್’ ಸಾಕ್ಷ್ಯಚಿತ್ರ ಸರಣಿಯ ಕೊನೆ ನೆನಪಿದೆಯಾ? ಕೊಲೆಯ ಅನುಮಾನ ಇದ್ದ ರಾಬರ್ಟ್ ಡರ್ಸ್ಟ್ ಬಾತ್‌ರೂಮಿಗೆ ಹೋಗುತ್ತಾನೆ. ಕಾಲರ್ ಮೈಕ್ ಆನ್ ಇದೆ. ತನ್ನಷ್ಟಕ್ಕೆ ಗೊಣಗುತ್ತಾನೆ, ನಾನೇನು ಮಾಡಿಬಿಟ್ಟೆ, ಎಲ್ಲರನ್ನೂ ಕೊಂದೆ ಅಂತ. ನಾನೂ ಎದ್ದು ನಿಂತಿದ್ದೆ. 2019ರಲ್ಲಿ ಕೋರ್ಟ್ ದಾಖಲೆಯಲ್ಲಿ ಪೂರ್ತಿ ಮಾತು ಹೊರಗೆ ಬಂತು. ಆ ಎರಡು ಸಾಲು ಅಕ್ಕಪಕ್ಕ ಇರಲೇ ಇಲ್ಲ. ಕ್ರಮವೂ ಉಲ್ಟಾ. ಚೂರುಗಳನ್ನು ಜೋಡಿಸಿ ಪ್ರಶ್ನೆ ಉತ್ತರದ ಥರ ಮಾಡಿದ್ದರು. 2021ರಲ್ಲಿ ಅವನಿಗೆ ಕೊಲೆ ಕೇಸಿನಲ್ಲಿ ಶಿಕ್ಷೆ ಆಯಿತು, ಅದು ಬೇರೆ ಮಾತು. ಅವನ ವಿರುದ್ಧ ಸಾಕ್ಷ್ಯ ಬೇಕಾದಷ್ಟಿತ್ತು. ಅಷ್ಟಿದ್ದೂ ಕತ್ತರಿ ಆಡಿಸಿದರಲ್ಲ, ಅದೇ ನನಗೆ ಕುತೂಹಲ. ಕೈ ಸುಮ್ಮನಿರಲ್ಲ, ನನಗೆ ಗೊತ್ತು.

ಏವರಿ ಸರಣಿಯ ಮೇಲೂ ಒಬ್ಬ ಪೊಲೀಸ್ ಅಧಿಕಾರಿ ಮಾನನಷ್ಟ ಕೇಸು ಹಾಕಿದ್ದರು, ಸಾಕ್ಷಿ ಕಟ್ಟೆಯಲ್ಲಿ ನಾನು ಆಡಿದ ಮಾತನ್ನು ಕತ್ತರಿಸಿ ಜೋಡಿಸಿದ್ದಾರೆ ಅಂತ. 2023ರಲ್ಲಿ ಅದು ವಜಾ ಆಯಿತು.

ಸಂಜೆಮಳೆ

ನಾನು ಸಾಕ್ಷಿ ಹೇಳಿದವಳು. ಆ ಕಡೆಯ ಕಥೆ ಯಾರೂ ಹೇಳಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೈಕಿನಲ್ಲಿ ಬಂದವನು ಬ್ಯಾಗ್ ಕಿತ್ತುಕೊಂಡು ಹೋದ. ಎರಡು ಮೂರು ಸೆಕೆಂಡ್ ಮುಖ ಕಂಡೆ. ಸ್ಟೇಷನ್ನಿನಲ್ಲಿ ಒಂದು ಫೋಟೋ ತೋರಿಸಿದರು. ಒಂದೇ ಫೋಟೋ. ‘ಇವನೇ ಇರಬಹುದು’ ಅಂದೆ. ‘ಇವನ ಮೇಲೆ ಮೊದಲೂ ಕೇಸ್ ಇದೆ’ ಅಂದರು. ಅಷ್ಟೇ ನೋಡಿ. ಮನೆಗೆ ಹೋಗುವಷ್ಟರಲ್ಲಿ ನನ್ನ ತಲೆಯಲ್ಲಿದ್ದ ಮುಖ ಹೋಗಿ ಫೋಟೋದ ಮುಖ ಬಂದು ಕೂತಿತ್ತು. ಮುಂದಿನ ವಾರ ಅವನನ್ನೇ ಎದುರಿಗೆ ನಿಲ್ಲಿಸಿದಾಗ ‘ಇವನೇ’ ಅಂತ ಬೆರಳು ತೋರಿಸಿದೆ. ‘ಇರಬಹುದು’ ಮಾಯ. ಸುಳ್ಳು ಹೇಳಲಿಲ್ಲ ನಾನು. ಪೂರ್ತಿ ನಂಬಿದ್ದೆ. ಆ ದಿನ ಅವನು ಅಪ್ಪನ ಜೊತೆ ಆಸ್ಪತ್ರೆ ವಾರ್ಡಿನಲ್ಲಿದ್ದ ಅಂತ ಆಮೇಲೆ ಗೊತ್ತಾಯಿತು. ನಾಲ್ಕು ತಿಂಗಳು ಒಳಗಿದ್ದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಪ್ರಮಾಣಿಸಲು ನನಗೆ ಯಾರೂ ಹೇಳಲಿಲ್ಲ. ಎಲ್ಲರಿಗೂ ಬೇಕಿದ್ದದ್ದು ನನ್ನ ಬೆರಳು.

ಆಮೇಲೆ ಹುಡುಕಿ ಓದಿದ್ದು ರೊನಾಲ್ಡ್ ಕಾಟನ್ ಕೇಸು. ನಾರ್ತ್ ಕೆರೊಲಿನಾ, 1984. ಆ ಹೆಣ್ಣುಮಗಳು ಅತ್ಯಾಚಾರ ನಡೆಯುವಾಗಲೇ ಮುಖ ನೆನಪಿಟ್ಟುಕೊಳ್ಳಬೇಕು ಅಂತ ಹಟ ಹಿಡಿದು ನೋಡಿದ್ದಳು. ಮೊದಲು ಫೋಟೋ, ಆಮೇಲೆ ಎದುರುಬದುರು, ಎರಡೂ ಸಲ ಕಾಟನ್‌ನನ್ನೇ ತೋರಿಸಿದಳು. ನಂತರದ ವಿಚಾರಣೆಯಲ್ಲಿ ನಿಜವಾದ ಅಪರಾಧಿಯನ್ನೇ ಕೋರ್ಟಿಗೆ ಕರೆತಂದರು. ಇವನನ್ನು ನೋಡೇ ಇಲ್ಲ ಅಂದಳು. 1995ರಲ್ಲಿ ಡಿಎನ್‌ಎ ಬಂದು ಕಾಟನ್ ಹೊರಗೆ ಬಂದ. ಅಮೆರಿಕದಲ್ಲಿ ಡಿಎನ್‌ಎಯಿಂದ ಬಿಡುಗಡೆಯಾದ ಕೇಸುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಸಾಕ್ಷಿ ತಪ್ಪು ವ್ಯಕ್ತಿಯನ್ನು ಗುರುತಿಸಿದ್ದರಂತೆ. ಏವರಿಯ 1985ರ ಕೇಸೂ ಅದೇ ಅಲ್ವಾ?

ಲ್ಯಾಬ್_ಅಕ್ಕ

ಹೌದು ಸಂಜೆಮಳೆ, ಅದೇ. ಲ್ಯಾಬಿನವರು ದೇವರಲ್ಲ ಅಂತಲೂ ನಾನೇ ಹೇಳಿಬಿಡುತ್ತೇನೆ. ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ‘ಆರೋಪಿಯದ್ದೇ’ ಅಂತ ಎಫ್‌ಬಿಐ ತಜ್ಞರು ವರ್ಷಾನುಗಟ್ಟಲೆ ಸಾಕ್ಷಿ ಹೇಳುತ್ತಿದ್ದರು. ಹಳೇ ಕೇಸುಗಳನ್ನು ತೆಗೆದು ನೋಡಿದಾಗ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಕಡೆ ವಿಜ್ಞಾನ ಹೇಳದ್ದನ್ನು ಹೇಳಿದ್ದರು ಅಂತ 2015ರಲ್ಲಿ ಅವರೇ ಒಪ್ಪಿಕೊಂಡರು. ನಾವು ರಿಪೋರ್ಟಿನಲ್ಲಿ ‘ಹೊಂದಾಣಿಕೆ ಇದೆ’ ಅಂತ ಬರೆಯುತ್ತೇವೆ. ಕೋರ್ಟಿಗೆ ಹೋಗುವಷ್ಟರಲ್ಲಿ ಅದು ‘ಇವನದ್ದೇ’ ಆಗಿರುತ್ತದೆ.

ಹಳೇರೀಲು

ಸಾಕ್ಷ್ಯಚಿತ್ರಗಳನ್ನು ಪೂರ್ತಿ ತೆಗೆದುಹಾಕಬೇಡಿ. ಒಂದು ಜೀವ ಉಳಿಸಿದ ಉದಾಹರಣೆ ಇದೆ.

1976ರಲ್ಲಿ ಡಲ್ಲಾಸ್‌ನಲ್ಲಿ ಒಬ್ಬ ಪೊಲೀಸನ ಕೊಲೆ. ರ‍್ಯಾಂಡಲ್ ಡೇಲ್ ಆಡಮ್ಸ್‌ಗೆ ಮರಣದಂಡನೆ. ಅವನ ಕಡೆ ಬೆರಳು ತೋರಿಸಿದ ಡೇವಿಡ್ ಹ್ಯಾರಿಸ್‌ಗೆ ಆಗ ವಯಸ್ಸು 16. ಗಲ್ಲಿಗೆ ಕೆಲವೇ ದಿನ ಇರುವಾಗ ತಡೆ ಸಿಕ್ಕಿ, ಆಮೇಲೆ ಶಿಕ್ಷೆ ಜೀವಾವಧಿಗೆ ಇಳಿಯಿತು. ಸಾಕ್ಷ್ಯಚಿತ್ರ ನಿರ್ದೇಶಕ ಎರಾಲ್ ಮಾರಿಸ್ ಅಲ್ಲಿಗೆ ಹೋಗಿದ್ದು ಬೇರೆ ಕೆಲಸಕ್ಕೆ. ‘ಇವನನ್ನು ಬಿಟ್ಟರೆ ಮತ್ತೆ ಕೊಲ್ಲುತ್ತಾನೆ’ ಅಂತ ಕೇಸಿನ ಮೇಲೆ ಕೇಸಿನಲ್ಲಿ ಸಾಕ್ಷಿ ಹೇಳಿ ಮರಣದಂಡನೆ ಕೊಡಿಸುತ್ತಿದ್ದ ಒಬ್ಬ ಮನೋವೈದ್ಯರ ಬಗ್ಗೆ ಚಿತ್ರ ಮಾಡಲು. ಆ ಕೈದಿಗಳ ಮಧ್ಯೆ ಆಡಮ್ಸ್ ಸಿಕ್ಕಿದ. 1988ರಲ್ಲಿ ‘ದಿ ಥಿನ್ ಬ್ಲೂ ಲೈನ್’ ಬಂತು. 1989ರಲ್ಲಿ ಆಡಮ್ಸ್ ಹೊರಗೆ ಬಂದ.

ನನಗೆ ಇಷ್ಟ ಆಗಿದ್ದು ಒಂದೇ. ಕೊಲೆಯ ದೃಶ್ಯವನ್ನು ಅದರಲ್ಲಿ ಮತ್ತೆ ಮತ್ತೆ ನಟಿಸಿ ತೋರಿಸುತ್ತಾರೆ. ಒಬ್ಬೊಬ್ಬ ಸಾಕ್ಷಿ ಹೇಳಿದ ಹಾಗೆ ಒಂದೊಂದು ಸಲ. ‘ಹೀಗೆ ನಡೆಯಿತು’ ಅಂತ ಒಂದು ದೃಶ್ಯವೂ ಇಲ್ಲ. ‘ಇವರು ಹೀಗೆ ಹೇಳುತ್ತಾರೆ’ ಅಂತ ಮಾತ್ರ. ಕೊನೆಯ ಸಂದರ್ಶನದ ದಿನ ಕ್ಯಾಮೆರಾ ಕೆಟ್ಟಿತ್ತು. ಹಾಗಾಗಿ ಹ್ಯಾರಿಸ್ ಆಡಮ್ಸ್ ತಪ್ಪಿಲ್ಲ ಅನ್ನುವಾಗ ಪರದೆ ಮೇಲೆ ಬರೀ ಒಂದು ಟೇಪ್ ರೆಕಾರ್ಡರ್. ಸಂಗೀತ ಏರಿಸಿ ನಂಬಿಸುವವರು ಅದನ್ನು ನೂರು ಸಲ ನೋಡಬೇಕು.

ಬೀಗಬೇಡಿ ಅಂತ ಇನ್ನೊಂದು ಉದಾಹರಣೆ. ವೆಸ್ಟ್ ಮೆಂಫಿಸ್‌ನಲ್ಲಿ 1993ರಲ್ಲಿ ಮೂವರು ಪುಟ್ಟ ಹುಡುಗರ ಕೊಲೆ ಆಯಿತು. 1994ರಲ್ಲಿ ಮೂವರು ಹದಿಹರೆಯದವರಿಗೆ ಶಿಕ್ಷೆ. ‘ಪ್ಯಾರಡೈಸ್ ಲಾಸ್ಟ್’ ಅಂತ ಮೂರು ಚಿತ್ರ ಬಂದವು. 2011ರಲ್ಲಿ ಮೂವರೂ ಬಿಡುಗಡೆ. ಒಳ್ಳೇದೇ. ಆದರೆ ಎರಡನೇ ಚಿತ್ರ ಸತ್ತ ಹುಡುಗರೊಬ್ಬರ ಮಲತಂದೆಯ ಕಡೆ ಅನುಮಾನ ತಿರುಗಿಸಿತು. ಮೂರನೆಯದು ಇನ್ನೊಬ್ಬ ಮಲತಂದೆಯ ಕಡೆ. ಕೋರ್ಟ್ ಯಾರನ್ನೋ ತಪ್ಪಾಗಿ ಹಿಡಿಯಿತು ಅಂತ ಚಿತ್ರ ಮಾಡುವವರು ತಾವೇ ಇನ್ನೊಬ್ಬರನ್ನು ಹಿಡಿದು ನಿಲ್ಲಿಸಿದರು.

ಕಪ್ಪುಕೋಟು

ಆ ಬಿಡುಗಡೆಯ ಷರತ್ತೂ ಹೇಳಿ ಹಳೇರೀಲು. ‘ನಾನು ಮಾಡಿಲ್ಲ, ಆದರೂ ನನಗೆ ಶಿಕ್ಷೆ ಕೊಡುವಷ್ಟು ಸಾಕ್ಷ್ಯ ನಿಮ್ಮ ಹತ್ತಿರ ಇದೆ ಅಂತ ಒಪ್ಪುತ್ತೇನೆ’ ಅಂತ ಸಹಿ ಹಾಕಿ ಹೊರಗೆ ಬಂದರು. ಅಂದರೆ ಕಾಗದದ ಮೇಲೆ ಈಗಲೂ ಅಪರಾಧಿಗಳು. ಒಬ್ಬ ಅಷ್ಟರಲ್ಲಿ ಮರಣದಂಡನೆ ಕೈದಿಯಾಗಿ 17 ವರ್ಷಕ್ಕಿಂತ ಜಾಸ್ತಿ ಕಳೆದಿದ್ದ. ನೀವಾಗಿದ್ದರೆ ಸಹಿ ಹಾಕುತ್ತಿರಲಿಲ್ಲವಾ?

ಯಾವ ಸರಣಿಯೂ ತೋರಿಸದ್ದು ಇನ್ನೊಂದಿದೆ. ಅಮೆರಿಕದಲ್ಲಿ ಶಿಕ್ಷೆಯಾದವರಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಜನರ ಕೇಸಿನಲ್ಲಿ ವಿಚಾರಣೆಯೇ ನಡೆಯಲ್ಲ. ತಪ್ಪು ಒಪ್ಪಿಕೊಂಡು ಕಡಿಮೆ ಶಿಕ್ಷೆ ತೆಗೆದುಕೊಳ್ಳುತ್ತಾರೆ. ಭಾರತದಲ್ಲಿ 2022ರ ಸರ್ಕಾರಿ ಲೆಕ್ಕದ ಪ್ರಕಾರ ಜೈಲಿನಲ್ಲಿದ್ದವರು 5.73 ಲಕ್ಷ. ಅದರಲ್ಲಿ 4.34 ಲಕ್ಷ ವಿಚಾರಣಾಧೀನ ಕೈದಿಗಳು. ಅಂದರೆ ತೀರ್ಪೇ ಬಂದಿಲ್ಲ. ಜಾಮೀನಿಗೆ ಭದ್ರತೆ ಕೊಡುವವರಿಲ್ಲದೆ ಸಣ್ಣ ಕಳ್ಳತನದ ಕೇಸಿನಲ್ಲಿ ತಿಂಗಳುಗಟ್ಟಲೆ ಕೂತವರನ್ನು ನಾನೇ ನೋಡಿದ್ದೇನೆ. ಅಲ್ಲಿ ಹತ್ತು ಕಂತಿನ ಕಥೆ ಇಲ್ಲ. ವಾಯಿದೆ, ವಾಯಿದೆ, ಮತ್ತೆ ವಾಯಿದೆ. ಯಾರು ನೋಡುತ್ತಾರೆ?

ನೇರನುಡಿ

ಎಲ್ಲ ಓದಿದೆ. ಮೊದಲು ಒರಟಾಗಿ ಬರೆದೆ, ಯಾಕೆ ಅಂತ ಹೇಳುತ್ತೇನೆ.

ನನ್ನ ದೊಡ್ಡಪ್ಪನ ಮಗ, ನನಗೆ ಅಣ್ಣ. ಜಮೀನಿನ ಜಗಳದಲ್ಲಿ ಕೊಂದರು. ಹಿಡಿದವರು ಇಬ್ಬರು. ಆರು ವರ್ಷ ಕೇಸು ನಡೆಯಿತು. ಪಾಟಿ ಸವಾಲಿನಲ್ಲಿ ಮಹಜರಿನ ಪಂಚರು ‘ಖಾಲಿ ಹಾಳೆಗೆ ಸಹಿ ಹಾಕಿದ್ದೆವು’ ಅಂದರು. ನೋಡಿದ್ದವರು ನೋಡೇ ಇಲ್ಲ ಅಂದರು. ಅನುಮಾನದ ಲಾಭ ಕೊಟ್ಟು ಬಿಟ್ಟರು. ದೊಡ್ಡಮ್ಮ ಆ ಎರಡು ಪದ ಏನು ಅಂತ ನನ್ನನ್ನು ಕೇಳಿದರು. ಅನುಮಾನದಲ್ಲಿ ಲಾಭ ಯಾರಿಗೆ ಅಂತ.

‘ಸೀರಿಯಲ್’ ಅಂತ ಅಮೆರಿಕದ ಒಂದು ಪಾಡ್‌ಕಾಸ್ಟ್ ಹೇಳಿದ ಕೊಲೆ ಕೇಸಿನಲ್ಲಿ ಸತ್ತ ಹುಡುಗಿಯ ಸಹೋದರ ಕೋರ್ಟಿನಲ್ಲಿ, ಇದು ನನಗೆ ಪಾಡ್‌ಕಾಸ್ಟ್ ಅಲ್ಲ, ಬದುಕು ಅಂತ ಹೇಳಿದ್ದ. ಅದು ನನ್ನ ಮಾತೂ ಹೌದು. ಹೊರಗಿನವರಿಗೆ ಒಗಟು ಬಿಡಿಸುವ ಆಟ.

ಕಪ್ಪುಕೋಟು

ಸರ್, ಮೊದಲೇ ಹೇಳಿದ್ದರೆ ನಾನು ಬೇರೆ ಥರ ಬರೆಯುತ್ತಿದ್ದೆ. ಕ್ಷಮಿಸಿ.

ಆ ಸಹೋದರನ ವಿಷಯಕ್ಕೆ ಬಂದರೆ, ಅಲ್ಲಿನ ಕೋರ್ಟ್ ಅವನ ಮಾತು ಕೇಳಿತು. ಆ ಕೇಸಿನಲ್ಲಿ ಶಿಕ್ಷೆಯಾಗಿದ್ದ ಅದ್ನಾನ್ ಸೈಯದ್‌ನನ್ನು 2022ರಲ್ಲಿ ಬಿಟ್ಟಿದ್ದರು. ಸಂತ್ರಸ್ತೆಯ ಮನೆಯವರಿಗೆ ಸರಿಯಾಗಿ ತಿಳಿಸಿಲ್ಲ ಅಂತ 2023ರಲ್ಲಿ ಅಪರಾಧಿ ಅನ್ನುವ ಹಳೇ ತೀರ್ಪನ್ನು ಮತ್ತೆ ಊರ್ಜಿತ ಮಾಡಿದರು. 2025ರಲ್ಲಿ ಶಿಕ್ಷೆಯ ಅವಧಿ ಮಾತ್ರ ಇಳಿಸಿದರು. ಅವನು ಹೊರಗಿದ್ದಾನೆ, ಅಪರಾಧಿ ಅನ್ನುವುದು ಹಾಗೇ ಇದೆ. ಯಾರಿಗೂ ಪೂರ್ತಿ ಸಮಾಧಾನ ಇಲ್ಲ.

ನಿಮ್ಮ ಅಣ್ಣನ ಕೇಸಿನಲ್ಲಿ ಖಾಲಿ ಹಾಳೆಗೆ ಸಹಿ ಹಾಕಿಸಿದ ಕೈ ಇದೆಯಲ್ಲ, ನಾನು ಅದರ ಬಗ್ಗೆಯೇ ಮಾತಾಡುತ್ತಿದ್ದೆ. ಅದೇ ಕೈ ಇನ್ನೊಂದು ಕೇಸಿನಲ್ಲಿ ಸಂಜೆಮಳೆ ಅವರಿಗೆ ಒಂದೇ ಫೋಟೋ ತೋರಿಸುತ್ತದೆ.

ನಿದ್ದೆಗೇಡಿ

ಒಂದು ವಿಷಯ ಹೇಳಲೇಬೇಕು. ಕಪ್ಪುಕೋಟು ಅವರು ಬರೆದದ್ದು ಓದಿ ನಿನ್ನೆ ಆ ಹುಡುಗನ ವಿಚಾರಣೆಯ ಟೇಪು ಮತ್ತೆ ಹಾಕಿದೆ. ಸರಣಿಯಲ್ಲಿದ್ದ ತುಣುಕಲ್ಲ, ಉದ್ದದ್ದು. ಸಂಗೀತ ಇಲ್ಲ, ಏನೂ ಇಲ್ಲ. ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಅವಳು ಏಳನೇ ಕ್ಲಾಸಿಗೆ ಗಣಿತ ಹೇಳಿಕೊಡುವವಳು. ಕೇಸಿನ ಬಗ್ಗೆ ಏನೂ ಗೊತ್ತಿಲ್ಲ, ನಾನೂ ಹೇಳಲಿಲ್ಲ.

ಹತ್ತು ನಿಮಿಷ ನೋಡಿ ಅಂದಳು: ‘ಈ ಹುಡುಗನಿಗೆ ಉತ್ತರ ಗೊತ್ತಿಲ್ಲ ರೀ. ಅವರ ಮುಖ ನೋಡಿಕೊಂಡು ಹೇಳ್ತಿದ್ದಾನೆ. ನಾನು ಬೋರ್ಡಿಗೆ ಕರೆದಾಗ ಹಿಂದಿನ ಬೆಂಚಿನವರು ಮಾಡೋದೇ ಇದು. ನಾನು ಹುಬ್ಬು ಗಂಟು ಹಾಕಿದ್ರೆ ಏಳು ಅನ್ನೋದು ಒಂಬತ್ತಾಗುತ್ತೆ.’

ನೇರನುಡಿ

ಆ ಉದ್ದದ ಟೇಪಿಗೆ ಎಷ್ಟು ಹೊತ್ತು ಬೇಕು?

ನಿದ್ದೆಗೇಡಿ

ಕೆಲವು ಗಂಟೆ ಸರ್. ಒಂದೇ ಸಲಕ್ಕೆ ಆಗಲ್ಲ.

ನೇರನುಡಿ

ಭಾನುವಾರ ನೋಡುತ್ತೇನೆ.